ವಿಭೂತಿಗೆ ಕಾಗದ ಮಾಡಿಸಿದ್ದು

ಸಗಣಿಗೆ ಸರ್ಕಾರಿ ಸರ್ಟಿಫಿಕೇಟ್ ಮಾಡಿಸಿಕೊಡುವ ಕೆಲಸ ಬಂದಿದೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಂಗಳೂರಿನ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಒಂದೇ ಕೋಣೆಯಲ್ಲಿ ಕುಳಿತು, ಹೊರದೇಶಕ್ಕೆ ಸರಕು ಕಳಿಸುವವರಿಗೆ ಕಾಗದಪತ್ರ ಸಿದ್ಧ ಮಾಡಿಕೊಡುವುದು ನನ್ನ ಕಸುಬು. ಅಗರಬತ್ತಿ, ಹಪ್ಪಳ, ನಟ್ಟು ಬೋಲ್ಟು, ಏನಾದರೂ ಸರಿ. ಸರಕನ್ನು ನಾನು ಕಣ್ಣಾರೆ ನೋಡುವುದೇ ಅಪರೂಪ. ಕಾಗದ ಸರಿಯಿದ್ದರೆ ಸರಕು ಸರಿ ಎಂದುಕೊಂಡು ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ಕೆಲಸ ತಂದವಳು ಕೆಂಗೇರಿಯಾಚೆಯ ಒಂದು ಮನೆಯ ಸೊಸೆ, ಮೂವತ್ತೈದರ ಆಸುಪಾಸಿನವಳು. ಅವಳ ಮಾವ ಜಂಗಮರು. ಸುತ್ತಲಿನವರೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುತ್ತಾರೆ. ಅವರ ತಂದೆ ಚಿತ್ರದುರ್ಗದ ಕಡೆಯಿಂದ ಬಂದು ಇಲ್ಲಿ ನೆಲೆಸಿ ವಿಭೂತಿ ಮಾಡಲು ಶುರುಮಾಡಿದವರು. ರಾಜಾಜಿನಗರ, ಬಸವೇಶ್ವರನಗರದ ಪೂಜಾ ಸಾಮಗ್ರಿ ಅಂಗಡಿಗಳಿಗೆಲ್ಲ ಒಂದು ಕಾಲದಲ್ಲಿ ಇವರ ಮನೆಯ ವಿಭೂತಿ ಗಟ್ಟಿಯೇ ಹೋಗುತ್ತಿತ್ತು. ಈಚೆಗೆ ಹಾಲಿನಂತೆ ಬೆಳ್ಳಗಿರುವ ಗಟ್ಟಿ ಅಗ್ಗಕ್ಕೆ ಸಿಗುತ್ತದೆಂದು ಅಂಗಡಿಯವರು ಒಬ್ಬೊಬ್ಬರಾಗಿ ಇವರನ್ನು ಬಿಟ್ಟಿದ್ದರು. ಕೆಲಸಕ್ಕೆ ಬರುವ ಆರು ಜನ ಹೆಂಗಸರಿಗೆ ವಾರದಲ್ಲಿ ಮೂರು ದಿನವೂ ಕೆಲಸವಿರಲಿಲ್ಲ. ಆಗ ಈ ಸೊಸೆ ಫೋನಿನಲ್ಲೇ ಹೊರದೇಶದ ಒಬ್ಬ ವ್ಯಾಪಾರಿಯನ್ನು ಹುಡುಕಿ ನಲವತ್ತು ಪೆಟ್ಟಿಗೆಯ ಆರ್ಡರ್ ತಂದಿದ್ದಳು. ಶಿವರಾತ್ರಿಗೆ ಮುಂಚೆ ಸರಕು ಅಲ್ಲಿ ಮುಟ್ಟಬೇಕು. ಮುಟ್ಟಿದರೆ ವರ್ಷಕ್ಕೆ ಮೂರು ಸಲ ತರಿಸುತ್ತೇನೆ ಎಂದು ಆತ ಹೇಳಿದ್ದನಂತೆ.

"ಇದು ಆಗ್ಲಿಲ್ಲ ಅಂದ್ರೆ ಒಲೆ ಆರ್ಸೋದೇ ಅಕ್ಕ," ಎಂದಳು. "ಆದ್ರೆ ಅವ್ರು ಏನೇನೋ ಕೇಳ್ತಾ ಇದಾರೆ. ಬೆಂಕೀಲಿ ಸುಟ್ಟಿರೋ ಬೂದಿಗೂ ಪರ್ಮಿಷನ್ ಬೇಕಾ?"

ಬೇಕಿತ್ತು. ಅವಳ ಫೋನಿನಲ್ಲಿದ್ದ ಷರತ್ತುಗಳನ್ನು ಓದಿದೆ. ಆ ದೇಶದವರ ಲೆಕ್ಕದಲ್ಲಿ ವಿಭೂತಿ ಎಂದರೆ ಪ್ರಾಣಿಮೂಲದ ವಸ್ತು. ಹಾಗಾಗಿ ನಮ್ಮ ಸರ್ಕಾರದ ಪಶುವೈದ್ಯ ಅಧಿಕಾರಿ ಅವರ ನಮೂನೆಯಲ್ಲಿ ಆರೋಗ್ಯ ಪ್ರಮಾಣಪತ್ರ ಕೊಡಬೇಕು. ಸಗಣಿ ಕೊಟ್ಟ ಹಸುಗಳಿಗೆ ರೋಗವಿರಲಿಲ್ಲ ಎಂದು ಅದರಲ್ಲಿರಬೇಕು. ಆರುನೂರು ಡಿಗ್ರಿಗೆ ಕಡಿಮೆಯಿಲ್ಲದ ಶಾಖದಲ್ಲಿ ಅರ್ಧ ಗಂಟೆಯಾದರೂ ಸುಟ್ಟಿದೆ ಎಂಬುದಕ್ಕೆ ದಾಖಲೆ ಇರಬೇಕು. ಕೊನೆಯಲ್ಲಿ ತಯಾರಕರ ಘೋಷಣೆ ಎಂದು ಒಂದು ಪುಟವಿತ್ತು. ಅಂಥ ಪುಟಗಳನ್ನು ನಾನು ಓದುವುದಿಲ್ಲ, ಸಹಿಯ ಜಾಗ ಎಲ್ಲಿದೆ ಎಂದು ಮಾತ್ರ ನೋಡುತ್ತೇನೆ. ಅವತ್ತೂ ಅಷ್ಟೇ ನೋಡಿದೆ. "ಮೂರು ವಾರದ ಕೆಲಸ ಕಣಮ್ಮ, ಮಾಡ್ಸಿಕೊಡ್ತೀನಿ," ಎಂದು ಜಂಬದಿಂದ ಹೇಳಿ ಕಳಿಸಿದೆ.

ಹಸುಗಳ ಭಾಗ ಸುಲಭ ಎಂದುಕೊಂಡಿದ್ದೆ. ಅಯ್ಯನವರ ಮನೆಯವು ಮೂರು, ಪಕ್ಕದ ಕೊಟ್ಟಿಗೆಯವು ಐದು. ಊರಿನ ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿ ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು ಪ್ರಮಾಣಪತ್ರ ಕೊಡುವ ಅಧಿಕಾರಿಯ ಬಳಿಗೆ ಹೋದರೆ, ಎರಡು ಹಸುಗಳ ಕಿವಿಯ ಟ್ಯಾಗ್ ನಂಬರ್ ಪತ್ರದಲ್ಲಿ ಒಂದು, ದಾಖಲೆಯಲ್ಲಿ ಒಂದು. ಸರಿಪಡಿಸಿಕೊಂಡು ಮತ್ತೆ ಹೋದೆ. ಪತ್ರದ ತಾರೀಖು ಬೆರಣಿ ಸುಟ್ಟ ತಾರೀಖಿಗಿಂತ ಈಚಿನದು, ಸುಡುವ ಮೊದಲು ಹಸು ಆರೋಗ್ಯವಾಗಿತ್ತೆಂದು ಏನು ಗ್ಯಾರಂಟಿ ಎಂದರು. ಸುಡುವ ಮೊದಲಿನ ತಪಾಸಣೆಯ ದಾಖಲೆ ಹುಡುಕಿಸಿ ಹೊಸ ಪತ್ರ ಬರೆಸಲು ಮತ್ತೆ ಕೆಂಗೇರಿ. ಮೂರನೆಯ ಸಲ ಹೋದಾಗ ಅಧಿಕಾರಿ ಕಡತವನ್ನು ಪೂರ್ತಿ ತಿರುವಿ ನೋಡಿ ಮುಚ್ಚಿದರು.

"ಟೆಂಪರೇಚರ್ ರೆಕಾರ್ಡ್ ಎಲ್ಲಿ ಮೇಡಂ?"

"ಸಾರ್, ಬೂದಿ ಆಗಿದೆಯಲ್ಲ. ಅದಕ್ಕಿಂತ ಸಾಕ್ಷಿ ಬೇಕಾ?"

"ಬೂದಿ ಆಗಿರೋದು ನಂಗೂ ಕಾಣ್ಸುತ್ತೆ. ಎಷ್ಟು ಡಿಗ್ರೀಲಿ ಆಯ್ತು ಅಂತ ಬೂದಿ ಹೇಳುತ್ತಾ? ನಾನು ಸಹಿ ಹಾಕೋದು ಆ ನಂಬರ್‌ಗೆ. ಹೊಸದಾಗಿ ಸುಡಿ, ಅಳೀರಿ, ನಾನೇ ಬಂದು ನೋಡ್ತೀನಿ."

ಮೈ ಉರಿಯಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಡೀ ಪ್ರಸಂಗದಲ್ಲಿ ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ ಇಬ್ಬರಲ್ಲಿ ಆ ಅಧಿಕಾರಿ ಒಬ್ಬರು. ನಾನು ಆ ಇಬ್ಬರಲ್ಲಿ ಇಲ್ಲ.

ಅಯ್ಯನವರನ್ನು ಮೊದಲು ನೋಡಿದ್ದು ಅದೇ ವಾರ. ಎಪ್ಪತ್ತು ದಾಟಿದ, ತೆಳ್ಳಗಿನ, ಮಾತಿಗೆ ಅವಸರವಿಲ್ಲದ ಮನುಷ್ಯ. ಮನೆಯ ಹಿಂದೆ ತಗಡಿನ ಚಾವಣಿಯ ಕೆಳಗೆ ಮಣ್ಣಿನ ದೊಡ್ಡ ಗುಂಡಿ. ಅದರಲ್ಲಿ ಭತ್ತದ ಹೊಟ್ಟು ಹಾಸಿ, ಬೆರಣಿ ಜೋಡಿಸಿ, ಮೇಲೆ ಮತ್ತೆ ಹೊಟ್ಟು ಮುಚ್ಚಿ ಬೆಳಿಗ್ಗೆ ಬೆಂಕಿ ಕೊಟ್ಟರೆ ಎರಡು ಮೂರು ದಿನ ಒಳಗೊಳಗೇ ಉರಿಯುತ್ತದೆ. ತಣಿದ ಮೇಲೆ ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿನಲ್ಲಿ ಕಲಸಿ, ಮಡಕೆಯಲ್ಲಿ ಇಳಿಬಿಡುತ್ತಾರೆ. ತಳದಲ್ಲಿ ನಿಂತ ನುಣ್ಣನೆಯ ಗಸಿಯನ್ನು ಹೆಂಗಸರು ಅಚ್ಚಿಗೆ ಒತ್ತಿ ನೆರಳಿನಲ್ಲಿ ಒಣಗಿಸುತ್ತಾರೆ. ಗಟ್ಟಿ ಬೆಳ್ಳಗಿರುವುದಿಲ್ಲ. ಮಾಸಿದ ಪಂಚೆಯ ಬಣ್ಣ. ಮೂಗಿನ ಹತ್ತಿರ ಹಿಡಿದರೆ ಹೊಗೆಯ ವಾಸನೆ ಒಂಚೂರು ಉಳಿದಿರುತ್ತದೆ.

ಬೆಂಕಿಯೊಳಗೆ ಶಾಖ ಅಳೆಯುವ ಸಲಾಕೆ ಇಳಿಸಬೇಕು ಎಂದು ವಿವರಿಸಿದೆ. ಫೋನಿನಲ್ಲಿ ಅದರ ಚಿತ್ರ ತೋರಿಸಿದೆ. ಅಯ್ಯನವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಕಬ್ಬಿಣಾನಾ ತಾಯಿ?"

"ಸ್ಟೀಲು ಅಯ್ನೋರೆ."

"ಎರಡೂ ಒಂದೇ. ಈ ಬೆಂಕಿಗೆ ಕಬ್ಬಿಣ ಮುಟ್ಸೋದಿಲ್ಲ ನಾವು. ಕೆದಕೋದೂ ಹಸಿ ಕೋಲಲ್ಲೇ. ನಮ್ಮಪ್ಪ ಹಂಗೇ ಮಾಡ್ತಿದ್ರು, ಅವರಪ್ಪಾನೂ ಹಂಗೇ."

"ಐದು ನಿಮಿಷ ಮಾವ, ಯಾರೂ ನೋಡಲ್ಲ," ಎಂದಳು ಸೊಸೆ.

"ಯಾರೂ ನೋಡ್ದೆ ಇದ್ರೆ ಅಳೆಯೋದ್ ಯಾಕವ್ವ? ತೋರ್ಸೋಕೆ ತಾನೆ ಅಳೀತಿರೋದು?" ಎಂದರು. ಸಿಟ್ಟಿನಿಂದಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ.

ವಾಪಸ್ ಬರುವಾಗ ಮೆಟ್ರೋದಲ್ಲಿ ಕುಳಿತು ಮನಸಾರೆ ಬೈದುಕೊಂಡೆ. ಹಡಗಿಗೆ ಸರಕು ಕೊಡುವ ದಿನ ಹತ್ತಿರ ಬರುತ್ತಿತ್ತು, ಇಲ್ಲಿ ನೋಡಿದರೆ ಕಬ್ಬಿಣದ ಮಡಿ. ಆದರೂ ಮರುದಿನ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ, ಕುಲುಮೆಗಳಿಗೆ ಶಾಖದ ಮೀಟರು ಮಾರುವ ಅಂಗಡಿಗಳ ಮೆಟ್ಟಿಲು ಹತ್ತಿದೆ. ಮೊದಲಿನ ಎರಡು ಅಂಗಡಿಯಲ್ಲಿ ನನ್ನ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಅಂಗಡಿಯ ವಯಸ್ಸಾದ ಮಾಲೀಕರು ಕನ್ನಡಕ ಮೇಲೇರಿಸಿ, ನಗದೆ ಕೇಳಿಸಿಕೊಂಡರು.

"ಕಬ್ಬಿಣ ಇರಬಾರದು, ಅಷ್ಟೇ ತಾನೆ? ಪಿಂಗಾಣಿ ಕೊಳವೆ ಹಾಕಿರೋದು ಇದೆ ಮೇಡಂ. ಒಳಗಡೆ ತಂತೀಲೂ ನೋಡ್ಬೇಕು. ಜೆ ಟೈಪ್ ಬೇಡ, ಅದ್ರಲ್ಲಿ ಒಂದು ತಂತಿ ಕಬ್ಬಿಣಾನೇ. ಕೆ ಟೈಪ್ ತಗೊಳ್ಳಿ. ಅದು ನಿಕ್ಕಲ್ಲು, ಕ್ರೋಮು."

ಅದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಪಿಂಗಾಣಿ ಕೊಳವೆಯೊಳಗೆ ಕಬ್ಬಿಣದ ತಂತಿ ಒಯ್ದಿದ್ದರೂ ಅಯ್ಯನವರಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಸರಿಯಾದುದನ್ನೇ ತಂದೆನಲ್ಲ ಎಂದು ಅವತ್ತು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ನಿಮಿಷ ನಿಮಿಷದ ಅಂಕಿಯನ್ನು ತಾನೇ ಬರೆದಿಟ್ಟುಕೊಳ್ಳುವ ಮೀಟರನ್ನು ಬಾಡಿಗೆಗೆ ತೆಗೆದುಕೊಂಡೆ. ಮೀಟರು ಸರಿಯಾಗಿ ಅಳೆಯುತ್ತದೆ ಎಂಬುದಕ್ಕೂ ಒಂದು ಸರ್ಟಿಫಿಕೇಟ್ ಇತ್ತು. ಅದರ ನಕಲನ್ನು ಕಡತಕ್ಕೆ ಸೇರಿಸಿದೆ.

ಸುಡುವ ದಿನ ಅಧಿಕಾರಿ ಹೇಳಿದಂತೆ ಬಂದರು. ಚಪ್ಪರದ ಹೊರಗೇ ಶೂ ಬಿಚ್ಚಿಟ್ಟು ಬರಿಗಾಲಿನಲ್ಲಿ ಬಂದು ನಿಂತರು. ಅಯ್ಯನವರು ಪಿಂಗಾಣಿ ಕೊಳವೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹಣೆಗೆ ಒತ್ತಿಕೊಂಡು, ತಾವೇ ಗುಂಡಿಯೊಳಗೆ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಕಿ ನಾನೂರು ದಾಟಿತು. ಐನೂರಿನ ಹತ್ತಿರ ಬಹಳ ಹೊತ್ತು ನಿಂತಿತು. ಅಯ್ಯನವರು ಹಸಿ ಕೋಲಿನಿಂದ ಒಂದು ಮೂಲೆಯ ಹೊಟ್ಟನ್ನು ಸ್ವಲ್ಪ ಸರಿಸಿ ಗಾಳಿ ಬಿಟ್ಟರು. ಹತ್ತು ನಿಮಿಷದಲ್ಲಿ ಆರುನೂರು ದಾಟಿ, ಆರುನೂರ ನಲವತ್ತಕ್ಕೆ ಹೋಗಿ, ಒಂದು ಗಂಟೆಗೂ ಹೆಚ್ಚು ಅಲ್ಲೇ ನಿಂತಿತು. ಅಯ್ಯನವರು ಮೀಟರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. "ಆರುನೂರ ನಲವತ್ತೊಂದು! ನಮ್ಮಪ್ಪಂಗೆ ಇದು ಕಣ್ಣಲ್ಲೇ ಗೊತ್ತಾಗೋದು ತಾಯಿ. ಹೊಟ್ಟಿನ ಬಣ್ಣ ನೋಡಿ ಹೇಳೋರು." ಕೆಲಸದ ಹೆಂಗಸರು ನಗುತ್ತಿದ್ದರು. ಅಧಿಕಾರಿಯೂ ನಕ್ಕರು. ಈ ಕೆಲಸದಲ್ಲಿ ನನಗೆ ಸಂತೋಷವಾದ ದಿನ ಅದೊಂದೇ.

ನಾಲ್ಕು ದಿನ ಬಿಟ್ಟು ಪ್ರಮಾಣಪತ್ರದ ಕರಡು ಬಂತು. ಇನ್ನು ತಯಾರಕರ ಘೋಷಣೆಗೆ ಅಯ್ಯನವರ ಸಹಿ ಹಾಕಿಸಿ ಕೊಟ್ಟರೆ ಸೀಲು ಬೀಳುತ್ತದೆ. ವ್ಯಾಪಾರದ ಮಿಕ್ಕ ಕಾಗದಗಳಿಗೆಲ್ಲ ಸಹಿ ಹಾಕುವ ಅಧಿಕಾರವನ್ನು ಅವರು ಸೊಸೆಗೆ ಬರೆದುಕೊಟ್ಟಿದ್ದರು. ಇದಕ್ಕೆ ಮಾತ್ರ ತಯಾರಕರೇ ಹಾಕಬೇಕು ಎಂದಿತ್ತು. ಪೆನ್ನು ತೆಗೆದು ಕೊಟ್ಟೆ. ಇಂಗ್ಲಿಷಿನಲ್ಲಿ ಏನು ಬರೆದಿದೆ ಓದಿ ಹೇಳಿ ಎಂದರು ಅಯ್ಯನವರು. ಮೊದಲ ಬಾರಿಗೆ ನಾನು ಆ ಪುಟವನ್ನು ಓದಿದೆ.

ಈ ವಸ್ತು ಪ್ರಾಣಿಗಳ ತ್ಯಾಜ್ಯದಿಂದ ತಯಾರಾದ ಬೂದಿ. ಇದು ಮನುಷ್ಯರ ಸೇವನೆಗಾಗಲಿ, ಮೈಗೆ ಹಚ್ಚಿಕೊಳ್ಳಲಿಕ್ಕಾಗಲಿ ಅಲ್ಲ. ಇದೇ ಮಾತನ್ನು ಪ್ರತಿ ಪೆಟ್ಟಿಗೆಯ ಮೇಲೂ ಅಚ್ಚು ಹಾಕಿಸಿದ್ದೇನೆ. ಕೆಳಗೆ ಸಹಿ.

ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು. ಅಯ್ಯನವರ ಹಣೆಯಲ್ಲಿ ಬೆಳಗಿನ ಮೂರು ಪಟ್ಟೆ ಹಾಗೇ ಇದ್ದವು. ತೋಳಿನ ಮೇಲೂ ಇದ್ದವು.

"ತ್ಯಾಜ್ಯ ಅಂದ್ರೆ ಅನ್ಲಿ," ಎಂದರು. "ಹಸು ಬಿಟ್ಟಿದ್ದೇ ತಾನೆ. ಮೈಗೆ ಹಚ್ಚೋದಲ್ಲ ಅಂತ ನಾನು ಸಹಿ ಹಾಕಿದ್ರೆ, ನಾನು ಬೆಳಿಗ್ಗೆ ಎದ್ದು ಮಾಡ್ಕೊಂಡಿರೋದು ಏನು?"

"ಅದು ಬರೀ ಕಾಗದ ಅಯ್ನೋರೆ. ಅಲ್ಲಿ ತಗೊಂಡೋರು ಹಣೆಗೇ ಹಚ್ಕೋತಾರೆ. ಎಲ್ಲರಿಗೂ ಗೊತ್ತಿರೋದೇ."

"ಬರೀ ಕಾಗದ ಅನ್ನೋ ಹಾಗಿದ್ರೆ ಎರಡು ತಿಂಗಳಿಂದ ಯಾಕೆ ತಾಯಿ ಓಡಾಡಿದ್ರಿ?"

ಸೊಸೆ ಅತ್ತಳು, ಆಮೇಲೆ ಕೂಗಾಡಿದಳು. ಅವಳ ಗಂಡ, ಅಯ್ಯನವರ ಮಗ, ಬ್ಯಾಂಕಿನ ಕೆಲಸದಿಂದ ಬಂದವನು ಎರಡು ಮಾತು ಹೇಳಿ ನೋಡಿ ಒಳಗೆ ಹೋದ. ಅಯ್ಯನವರು ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಅಧಿಕಾರಿಯ ಬಳಿಗೆ ಓಡಿದೆ. ಆ ಸಾಲು ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ನಮೂನೆ ಆ ದೇಶದ್ದು, ಒಂದು ಅಕ್ಷರ ಮುಟ್ಟುವ ಅಧಿಕಾರ ತಮಗಿಲ್ಲ ಎಂದು ಅವರು ನಿಜವಾದ ಬೇಸರದಿಂದಲೇ ಹೇಳಿದರು. ಹಡಗಿಗೆ ಹನ್ನೊಂದು ದಿನ ಉಳಿದಿತ್ತು.

ಇಲ್ಲಿಯವರೆಗೆ ಆದದ್ದಕ್ಕೆ ಯಾರನ್ನಾದರೂ ದೂರಬಹುದು. ಮುಂದಿನದು ನನ್ನದು. ಸೊಸೆಯನ್ನು ನನ್ನ ಆಫೀಸಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ನಾನೇ ಹೇಳಿದೆ. ಮಾರ್ಕೆಟ್ಟಿನ ಬಿಳಿ ಗಟ್ಟಿಯೆಲ್ಲ ಸುಣ್ಣಕಲ್ಲಿನ ಪುಡಿ. ಅದರಲ್ಲಿ ಸಗಣಿಯೂ ಇಲ್ಲ, ಬೆಂಕಿಯೂ ಇಲ್ಲ. ಅದು ಖನಿಜ, ಪ್ರಾಣಿಮೂಲದ್ದಲ್ಲ. ಪಶುವೈದ್ಯರ ಗೊಡವೆಯೇ ಬರುವುದಿಲ್ಲ. ಈ ಸಲದ ಮಟ್ಟಿಗೆ ನಿಮ್ಮ ಅಚ್ಚಿನಲ್ಲೇ ಪುಡಿ ಒತ್ತಿಸಿ ಕಳಿಸು.

"ಮಾವಂಗೆ ಏನು ಹೇಳ್ಲಿ ಅಕ್ಕ?"

"ಏನೂ ಹೇಳ್ಬೇಡ. ಸಹಿ ನಿಂದು ಸಾಕು."

ಆಮೇಲೆ ಕಾಗದಗಳು ತಾವಾಗಿಯೇ ಓಡಿದವು. ಪುಡಿಯ ಮೂಟೆಗಳು ಎರಡೇ ದಿನದಲ್ಲಿ ಬಂದವು. ಹೆಂಗಸರು ನಾಲ್ಕು ದಿನದಲ್ಲಿ ನಲವತ್ತು ಪೆಟ್ಟಿಗೆಗಾಗುವಷ್ಟು ಒತ್ತಿದರು. ಜರಡಿಯಿಲ್ಲ, ಮಡಕೆಯಿಲ್ಲ, ಕಾಯುವ ಮಾತೇ ಇಲ್ಲ. ಪ್ರಯೋಗಾಲಯದವರು ಒಂದು ಗಟ್ಟಿ ಪುಡಿಮಾಡಿ ನೋಡಿ, ಪ್ರಾಣಿಮೂಲದ ಅಂಶವಿಲ್ಲ ಎಂದು ಬರೆದುಕೊಟ್ಟರು. ಸರಕು ಈ ದೇಶದ್ದೇ ಎನ್ನುವ ಮೂಲ ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಿದೆ. ತಯಾರಕರ ಕಲಮಿನಲ್ಲಿ ಅಯ್ಯನವರ ಪೂರ್ತಿ ಹೆಸರು, ವಿಳಾಸ. ಮರುದಿನ ಮಧ್ಯಾಹ್ನ ಸೀಲು ಬಿದ್ದು ಬಂತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಿಜವಾದ ವಿಭೂತಿಗೆ ಎರಡು ತಿಂಗಳು ಕಾಲು ಸವೆಸಿದ್ದೆ. ಸುಳ್ಳಿಗೆ ಕುರ್ಚಿಯಿಂದ ಏಳಲೂ ಇಲ್ಲ. ಸೊಸೆ ಪೆಟ್ಟಿಗೆಯ ಫೋಟೋ ಕಳಿಸಿದಾಗ ಆ ಕಡೆಯ ವ್ಯಾಪಾರಿ, ಮೊದಲಿನ ಸ್ಯಾಂಪಲ್ಲಿಗಿಂತ ಇದೇ ಬೆಳ್ಳಗೆ ಚೆನ್ನಾಗಿದೆ, ಮುಂದೆಯೂ ಇದನ್ನೇ ಕಳಿಸಿ ಎಂದು ಬರೆದ.

ಲಾರಿ ಹೊರಡುವ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಯ್ಯನವರು ನನ್ನ ಆಫೀಸಿಗೆ ಬಂದರು. ಕೆಂಗೇರಿಯಿಂದ ಒಬ್ಬರೇ ಮೆಟ್ರೋ ಹತ್ತಿ, ಕೇಳಿಕೊಂಡು ಬಂದಿದ್ದರು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. ನೀರು ಕೊಟ್ಟೆ. ಕುಡಿದು ಲೋಟ ಪಕ್ಕಕ್ಕಿಟ್ಟರು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಉತ್ತರ ಸಿದ್ಧವಿತ್ತು.

"ಮೂಟೆ ನೋಡ್ದೆ ತಾಯಿ. ನಂಗೇನೂ ಕಣ್ಣು ಮಂಜಾಗಿಲ್ಲ. ಸೊಸೆ ಜೊತೆ ಮಾತಾಡಿಲ್ಲ, ಮಾತಾಡೋದೂ ಇಲ್ಲ. ಆರು ಜನ ಹೆಣ್ಮಕ್ಕಳ ಮನೆ ನಡೀಬೇಕು. ಮಾಡ್ಕೊಳ್ಳಿ, ಬೇಡ ಅನ್ನಲ್ಲ."

ಹೆಗಲ ಮೇಲಿನ ವಸ್ತ್ರದಲ್ಲಿ ಕತ್ತಿನ ಬೆವರು ಒರೆಸಿಕೊಂಡರು.

"ಪೆಟ್ಟಿಗೆ ಮೇಲೆ ನನ್ನ ಹೆಸರಿದೆಯಂತೆ. ನಿಮ್ಮ ಕಾಗದದಲ್ಲೂ ಇರುತ್ತಂತೆ. ಅದೊಂದು ತೆಗೆಸಿಬಿಡಿ. ಅಷ್ಟು ಕೇಳೋಕೇ ಬಂದೆ."

ಲಾರಿ ನಾಲ್ಕು ಗಂಟೆಗೆ ಹೊರಡಬೇಕಿತ್ತು. ತಡೆಯಲು ಸಮಯವಿತ್ತು. ತಡೆದರೆ ಪೆಟ್ಟಿಗೆಗಳನ್ನು ಬೇರೆ ಹಾಕಿಸಬೇಕು, ಸೀಲು ಬಿದ್ದ ಪ್ರಮಾಣಪತ್ರ ರದ್ದು ಮಾಡಿಸಿ ಹೊಸದು ತರಬೇಕು, ಹಡಗು ತಪ್ಪುತ್ತದೆ, ಶಿವರಾತ್ರಿ ಕಳೆಯುತ್ತದೆ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಬಹುದಿತ್ತು. ಆಗುವುದಿಲ್ಲ ಎಂದಾದರೂ ಹೇಳಬಹುದಿತ್ತು. ಸೀಲು ಬಿದ್ದ ಆ ಕಾಗದ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಕೈಯಿಟ್ಟುಕೊಂಡು ಹೇಳಿದೆ:

"ಆಗ್ಲೇ ತೆಗೆಸಿದೀನಿ ಅಯ್ನೋರೆ."

ಹಸು ಆರೋಗ್ಯವಾಗಿದೆ ಎಂದರೆ ಟ್ಯಾಗ್ ನಂಬರ್ ಕೇಳಿದ್ದರು. ಬೂದಿಯಾಗಿದೆ ಎಂದರೆ ಡಿಗ್ರಿ ಕೇಳಿದ್ದರು. ಡಿಗ್ರಿ ತೋರಿಸಿದ ಮೀಟರಿಗೂ ಸರ್ಟಿಫಿಕೇಟ್ ಬೇಕಾಗಿತ್ತು. ಅಯ್ಯನವರು ಆ ಕಾಗದ ಎಲ್ಲಿ, ತೋರಿಸಿ ಎನ್ನಲಿಲ್ಲ. ನನ್ನ ಮುಖ ನೋಡಿದರು. ಎರಡೂ ಕೈ ಜೋಡಿಸಿದರು.

"ನೀವು ಹೇಳಿದ್ ಮೇಲೆ ಮುಗೀತು ಬಿಡಿ ತಾಯಿ," ಎಂದು ಎದ್ದರು.

ಮೆಟ್ಟಿಲು ಕಡಿದಾಗಿದ್ದವು. ಕೈಹಿಡಿದು ಕೆಳಗಿನವರೆಗೆ ಇಳಿಸಿ, ರಸ್ತೆ ದಾಟಿಸಿ ಬಂದೆ. ಮೇಲೆ ಬಂದು ಕುಳಿತು, ಕಾಗದ ಎಲ್ಲ ಸರಿಯಿದೆ, ಲಾರಿ ಬಿಡಬಹುದು ಎಂದು ಫೋನ್ ಮಾಡಿದೆ.